ಲ್ಯಾಟಿನ್ ನುಡಿಗಳೂ ಕನ್ನಡದ ಕಿವಿಯೂ

ಲ್ಯಾಟಿನ್ ಎಂದೊಡನೆ ನಮ್ಮಲ್ಲಿ ಬಹುಮಂದಿಗೆ ರೋಮಿನ ಚಕ್ರವರ್ತಿಗಳೂ ಕ್ರೈಸ್ತ ಗುರುಗಳ ಪ್ರಾರ್ಥನೆಯೂ ನೆನಪಿಗೆ ಬರುವುವು. ಅದು ದೂರದ ಭಾಷೆ, ಸತ್ತ ಭಾಷೆ, ನಮಗೆ ಸಂಬಂಧವಿಲ್ಲದ ಭಾಷೆ ಎಂದು ತೋರುವುದು. ಆದರೆ ಬಾಗಲಕೋಟೆಯ ಪೇಟೆಯಲ್ಲಿ ಅಂಗಡಿಯ ಹಲಗೆಯ ಮೇಲೆ ಎ.ಎಂ., ಪಿ.ಎಂ. ಎಂದು ಬರೆದಿರುವವರೂ, ಹುನಗುಂದದ ನ್ಯಾಯಸ್ಥಾನದ ಅಂಗಳದಲ್ಲಿ ಅಫಿಡವಿಟ್ಟು ಬರೆಯಿಸುವವರೂ, ಇಳಕಲ್ಲಿನ ಸಹಕಾರ ಸಂಘದ ಸಭೆಗೆ ಕೋರಂ ಸೇರಿತೇ ಎಂದು ಕೇಳುವವರೂ ಲ್ಯಾಟಿನ್ನನ್ನೇ ಆಡುತ್ತಿರುವರು. ಇಂಗ್ಲಿಷಿನ ಬೆನ್ನೇರಿ ಬಂದ ಈ ಅತಿಥಿಗಳು ನಮ್ಮ ಜಗಲಿಯ ಮೇಲೆ ಕುಳಿತು ಬಹುಕಾಲವಾಯಿತು. ಅವರನ್ನು ಒಳಕ್ಕೆ ಕರೆಯುವುದು ಹೇಗೆ, ಕನ್ನಡದ ಯಾವ ಮಾತನ್ನು ಅವರ ಎದುರಿಗೆ ನಿಲ್ಲಿಸುವುದು ಉಚಿತ, ಎಂಬುದೇ ಈ ಭಾಷಣದ ವಿಷಯ.

ಇದು ಪಂಡಿತರ ಚಮತ್ಕಾರಕ್ಕೆ ಮಾತ್ರ ಸೇರಿದ ಪ್ರಶ್ನೆಯೆಂದು ಶ್ರೋತೃಗಳು ಭಾವಿಸಬಾರದು. ಲ್ಯಾಟಿನ್ನಿನ ಒಂದು ಚಿಕ್ಕ ನುಡಿ ತಿಳಿಯದುದರಿಂದ ಹೊಲ ಕಳೆದುಕೊಳ್ಳುವ ಸಂಭವವುಂಟು. ಆ ಮಾತಿಗೆ ಮುಂದೆ ಬರುತ್ತೇನೆ. ಮೊದಲು, ಭಾಷಾಂತರವೆಂಬ ಕೆಲಸವನ್ನು ನಮ್ಮ ಹಿರಿಯರು ಹೇಗೆ ಮಾಡುತ್ತಿದ್ದರೆಂಬುದನ್ನು ನೋಡೋಣ. ಅದಕ್ಕೆ ಬಾದಾಮಿಯ ಗುಡ್ಡವನ್ನು ಏರಬೇಕು.

ಬಾದಾಮಿಯ ನಾಲ್ಕು ಗುಹಾಲಯಗಳಲ್ಲಿ ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಚಾಲುಕ್ಯ ಕೀರ್ತಿವರ್ಮನು ಆಳುತ್ತಿದ್ದಾಗ ಅವನ ತಮ್ಮ ಮಂಗಲೇಶನು ಇದನ್ನು ಕಡೆಯಿಸಿದನು. ಶಕವರ್ಷ 500, ಎಂದರೆ ಕ್ರಿ.ಶ. 578ರ ಕಾರ್ತಿಕ ಪೌರ್ಣಮಿಯ ದಿನ ಹಾಕಿಸಿದ ಸಂಸ್ಕೃತ ಶಾಸನವು ಅಲ್ಲಿದೆ. ಅದರಲ್ಲಿ ಗುಹೆಗೆ ‘ಲಯನ’ವೆಂದೂ ‘ಮಹಾವಿಷ್ಣುಗೃಹ’ವೆಂದೂ ಹೆಸರು, ದೇವರ ಪೂಜೆಗೂ ಬ್ರಾಹ್ಮಣರ ಸತ್ರಕ್ಕೂ ಪರಿವ್ರಾಜಕರ ಭೋಜನಕ್ಕೂ ಒಂದು ಗ್ರಾಮವನ್ನು ಬಿಟ್ಟ ಸಂಗತಿಯು ದೀರ್ಘವಾದ ಸಮಾಸಗಳಲ್ಲಿ ವರ್ಣಿತವಾಗಿದೆ. ಅಲ್ಲಿಯೇ ಮಂಗಲೇಶನ ಹೆಸರಿನಲ್ಲಿ ಒಂದು ಚಿಕ್ಕ ಕನ್ನಡ ಶಾಸನವೂ ಉಂಟು. ನಮಗೆ ದೊರೆತಿರುವ ಕನ್ನಡ ಬರಹಗಳಲ್ಲಿ ಅತಿ ಪ್ರಾಚೀನವಾದ ಕೆಲವುಗಳಲ್ಲಿ ಇದೂ ಒಂದು. ಸಂಸ್ಕೃತದಲ್ಲಿ ‘ಮಹಾವಿಷ್ಣುಗೃಹ’ವೆನಿಸಿದುದು ಇಲ್ಲಿ ‘ಕಲ್ಮನೆ’. ಸಂಸ್ಕೃತದಲ್ಲಿ ‘ಲಂಜೀಶ್ವರ’ವೆನಿಸಿದ ಗ್ರಾಮವು ಇಲ್ಲಿ ಜನರ ಬಾಯಿಯ ‘ಲಂಜಿಗೇಸರ’. ಅಲ್ಲಿ ಬ್ರಾಹ್ಮಣರ ಸತ್ರದ ಮಾತಾದರೆ ಇಲ್ಲಿ ದೇವರಿಗೆ ಹೂ ಒದಗಿಸುವ ಮಾಲೆಗಾರರ ಮಾತು. ಕೊನೆಗೆ, ಈ ದಾನವನ್ನು ಅಳಿದವನು ಪಂಚಮಹಾಪಾತಕನಾಗುವನು, ನರಕದ ‘ಪುೞು’ ಆಗುವನು ಎಂಬ ಎಚ್ಚರಿಕೆ.

ಇಲ್ಲಿ ಗಮನಿಸಬೇಕಾದುದೇನು? ಕನ್ನಡದ ಬರಹವು ಸಂಸ್ಕೃತದ ಪದಕ್ಕೆ ಪದವಿಟ್ಟ ಭಾಷಾಂತರವಲ್ಲ. ವಂಶದ ವರ್ಣನೆಯಾಗಲಿ ಶಿಲ್ಪದ ಪ್ರಶಂಸೆಯಾಗಲಿ ಅದರಲ್ಲಿಲ್ಲ. ಯಾರು ಕೊಟ್ಟರು, ಏನು ಕೊಟ್ಟರು, ಯಾರಿಗೆ ಕೊಟ್ಟರು, ಕೆಡಿಸಿದರೆ ಏನಾಗುವುದು: ಮಾಲೆ ಕಟ್ಟುವವನಿಗೂ ಅವನ ಪಾಲನ್ನು ಕಸಿಯಲು ಬರುವವನಿಗೂ ತಿಳಿಯಬೇಕಾದುದಿಷ್ಟೇ, ಅದಿಷ್ಟನ್ನೇ ಬರೆಯಿಸಿದ್ದಾರೆ. ಆ ಲಿಪಿಕಾರನಿಗೆ ಸಂಸ್ಕೃತ ಬಾರದೆ ಇರಲಿಲ್ಲ. ‘ಮಾಲಾಕಾರ’, ‘ಪಂಚಮಹಾಪಾತಕ’ ಮೊದಲಾದ ಮಾತುಗಳನ್ನು ಅವನು ಸಂಕೋಚವಿಲ್ಲದೆ ಉಪಯೋಗಿಸಿಕೊಂಡಿದ್ದಾನೆ. ಆದರೆ ಕಲ್ಲಿನ ಮನೆಯನ್ನು ಕಲ್ಮನೆಯೆಂದೂ ಹೂವನ್ನು ಪೂವೆಂದೂ ಹೇಳಲು ನಾಚಿಕೊಳ್ಳಲಿಲ್ಲ. ಯಾರಿಗೆ ಲಾಭನಷ್ಟವುಂಟೋ ಅವರ ಕಿವಿಗೆ ತಲಪಬೇಕು, ಎಂಬುದೇ ಅವನ ಭಾಷಾಂತರ ನೀತಿ.

ಇದೇ ಸೀಮೆಯಲ್ಲಿ ಬೇರೆ ರೀತಿಯ ಭಾಷಾಂತರಗಳೂ ನಡೆದಿವೆ. ಪಟ್ಟದಕಲ್ಲಿನ ಹಳೆಯ ಹೆಸರು ಕಿಸುವೊೞಲ್. ‘ಕಿಸು’ ಎಂದರೆ ಕೆಂಪು, ‘ಪೊೞಲ್’ ಎಂದರೆ ಪಟ್ಟಣ. ಅಲ್ಲಿಯ ಕೆಂಗಲ್ಲನ್ನು ಕಂಡವರಿಗೆ ಈ ಹೆಸರಿನ ಔಚಿತ್ಯವನ್ನು ವಿವರಿಸಬೇಕಾದುದಿಲ್ಲ. ಸಂಸ್ಕೃತದಲ್ಲಿ ಬರೆಯುವಾಗ ಅದು ‘ರಕ್ತಪುರ’ವಾಯಿತು. ಅಯ್ಯಾವೊಳೆಯು ‘ಆರ್ಯಪುರ’ವಾಯಿತು. ಇವು ಪಂಡಿತರಿಗಾಗಿ ಮಾಡಿದ ಪರಿವರ್ತನೆಗಳು. ಪಂಡಿತರ ಗ್ರಂಥಗಳಲ್ಲಿ ಅವು ಉಳಿದುವು. ಊರವರ ಬಾಯಲ್ಲಿ ಉಳಿದುದು ಐಹೊಳೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಶಾಸನಗಳು ಇಂಗ್ಲಿಷಿಗೆ ಹೋದುವು. ಮುಂಬಯಿ ಇಲಾಖೆಯ ಸಿವಿಲ್ ಅಧಿಕಾರಿಯಾಗಿದ್ದ ಜಾನ್ ಫೇತ್‌ಫುಲ್ ಫ್ಲೀಟ್ ಮಹಾಶಯರು ‘ಇಂಡಿಯನ್ ಆಂಟಿಕ್ವರಿ’ ಎಂಬ ಪತ್ರಿಕೆಯಲ್ಲಿ ಇಂತಹ ಅನೇಕ ಶಾಸನಗಳನ್ನು ಓದಿ, ಇಂಗ್ಲಿಷಿನಲ್ಲಿ ತಾತ್ಪರ್ಯವನ್ನು ಕೊಟ್ಟು ಪ್ರಕಟಿಸಿದರು. ಕನ್ನಡ ನಾಡಿನ ಚರಿತ್ರೆಗೆ ಅವರಿಂದಾದ ಉಪಕಾರವು ದೊಡ್ಡದು. ಆದರೆ ಇಂಗ್ಲಿಷಿನಲ್ಲಿ ದೇವಾಲಯಕ್ಕಿರುವ ‘ಟೆಂಪಲ್’ ಎಂಬ ಮಾತನ್ನು ಅದರ ತಾಯ್ನೆಲದವರೆಗೆ ಹಿಂಬಾಲಿಸಿದರೆ ಒಂದು ಸ್ವಾರಸ್ಯವು ಕಾಣುವುದು. ಅದು ಲ್ಯಾಟಿನ್ನಿನ ‘ಟೆಂಪ್ಲುಂ’ ಎಂಬುದರಿಂದ ಬಂದುದು. ರೋಮಿನವರಲ್ಲಿ ಟೆಂಪ್ಲುಂ ಎಂದರೆ ಕಟ್ಟಡವಲ್ಲ. ಶಕುನ ನೋಡುವ ಪುರೋಹಿತನು ಗೆರೆಯೆಳೆದು ಬೇರೆಮಾಡಿದ ಪವಿತ್ರವಾದ ಕ್ಷೇತ್ರ. ದೇವತೆಯ ವಿಗ್ರಹವಿರುವ ಕಟ್ಟಡಕ್ಕೆ ಅವರು ‘ಐಡೀಸ್’ ಎನ್ನುತ್ತಿದ್ದರು. ಐಡೀಸ್ ಎಂದರೆ ಮನೆ. ಆದುದರಿಂದ ನಮ್ಮ ‘ಕಲ್ಮನೆ’ಯನ್ನು ಇಂಗ್ಲಿಷಿನ ದಾರಿಯಿಂದ ಲ್ಯಾಟಿನ್ನಿಗೆ ಒಯ್ದರೆ ಅದು ಗೆರೆ ಎಳೆದ ಬಯಲಾಗುವುದು, ನೇರವಾಗಿ ಒಯ್ದರೆ ಮನೆಯಾಗಿಯೇ ಉಳಿಯುವುದು. ನಡುವೆ ನಿಂತ ಭಾಷೆಯು ಎಷ್ಟು ಪ್ರಾಮಾಣಿಕವಾಗಿದ್ದರೂ ತನ್ನ ನೆರಳನ್ನು ಬೀಳಿಸದೆ ಬಿಡುವುದಿಲ್ಲ.

ಹಾಗಾದರೆ ಇಂಗ್ಲಿಷಿನ ನೆರವಿಲ್ಲದೆ ಲ್ಯಾಟಿನ್ನನ್ನೂ ಕನ್ನಡವನ್ನೂ ಎದುರುಬದುರು ಕೂರಿಸಿದವರು ಯಾರಾದರೂ ಇದ್ದರೇ? ಇದ್ದರು. ಮೈಸೂರು ಸೀಮೆಯ ಕ್ಯಾಥೊಲಿಕ್ ಕ್ರೈಸ್ತರ ಮೇಲ್ವಿಚಾರಣೆಯನ್ನು ನೋಡಿಕೊಳ್ಳುತ್ತಿದ್ದ ಬಿಷಪ್ ಶಾರ್ಬೊನೊ ಎಂಬ ಫ್ರೆಂಚ್ ಗುರುಗಳು ಎರಡು ನಿಘಂಟುಗಳನ್ನು ಬೆಂಗಳೂರಿನಲ್ಲಿ ಅಚ್ಚುಮಾಡಿಸಿದರು: 1855ರಲ್ಲಿ ಕನ್ನಡ–ಲ್ಯಾಟಿನ್, 1861ರಲ್ಲಿ ಲ್ಯಾಟಿನ್–ಕನ್ನಡ. ಕಿಟೆಲ್ ಪಂಡಿತರ ಪ್ರಸಿದ್ಧವಾದ ಕನ್ನಡ–ಇಂಗ್ಲಿಷ್ ನಿಘಂಟು ಹೊರಬಿದ್ದುದು 1894ರಲ್ಲಿ. ಅದಕ್ಕೆ ಸುಮಾರು ನಾಲ್ಕು ದಶಕಗಳ ಹಿಂದೆಯೇ ಕನ್ನಡದ ಮಾತುಗಳು ಸೀಸರನ ಭಾಷೆಯೊಡನೆ ಸರಿಸಮನಾಗಿ ಒಂದೇ ಪುಟದಲ್ಲಿ ನಿಂತುವೆಂಬುದು ನಮ್ಮ ಸುಶಿಕ್ಷಿತರಿಗೂ ಅಷ್ಟಾಗಿ ತಿಳಿಯದ ಸಂಗತಿ. ಆ ಗುರುಗಳಿಗೆ ಇಂಗ್ಲಿಷ್ ತಾಯ್ನುಡಿಯಲ್ಲ. ಅವರಿಗೂ ಇಲ್ಲಿಯ ವಿದ್ಯಾರ್ಥಿಗಳಿಗೂ ನಡುವೆ ಇದ್ದ ಸೇತುವೆ ಲ್ಯಾಟಿನ್ನೇ.

ಈ ನೇರವಾದ ದಾರಿಯು ನಾವು ಊಹಿಸುವಷ್ಟು ಕಠಿನವಲ್ಲ. ಹುನಗುಂದದ ಕರಿಯ ನೆಲದ ಬೇಸಾಯವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ‘ಅಗ್ರಿಕೊಲಾ ಅಗ್ರುಂ ಅರತ್’ ಎಂಬ ಮೂರು ಮಾತಿನ ಲ್ಯಾಟಿನ್ ವಾಕ್ಯವು ಕನ್ನಡದಲ್ಲಿ ‘ಒಕ್ಕಲಿಗನು ಹೊಲವನ್ನು ಉಳುತ್ತಾನೆ’ ಎಂದು ಮೂರೇ ಮಾತಾಗುವುದು. ಕರ್ತೃ ಮೊದಲು, ಕರ್ಮ ನಡುವೆ, ಕ್ರಿಯೆ ಕೊನೆಗೆ. ‘ಅಗ್ರುಂ’ ಎಂಬುದರ ಕೊನೆಯ ಉಂಕಾರವು ನಮ್ಮ ‘ಅನ್ನು’ ಪ್ರತ್ಯಯದ ಕೆಲಸವನ್ನು ಮಾಡುವುದು. ಇಂಗ್ಲಿಷಿನಲ್ಲಾದರೆ ಕ್ರಿಯೆಯು ನಡುವೆ ನುಗ್ಗುವುದು, ಎರಡು ನಾಮಪದಗಳ ಹಿಂದೆಯೂ ‘ದಿ’ ಎಂಬ ಬಾಲಗ್ರಹವು ಅಂಟಿಕೊಳ್ಳುವುದು. ಲ್ಯಾಟಿನ್ನಿಗೂ ಕನ್ನಡಕ್ಕೂ ಅದರ ಹಂಗಿಲ್ಲ.

ಕ್ರಿಸ್ತಪೂರ್ವ 47ರಲ್ಲಿ ಜೇಲಾ ಎಂಬಲ್ಲಿ ಶತ್ರುವನ್ನು ಬಹು ಶೀಘ್ರವಾಗಿ ಸೋಲಿಸಿದ ಸೀಸರನ ಹೆಸರಿನಲ್ಲಿ ಪ್ರಸಿದ್ಧವಾಗಿರುವ ಮೂರು ಮಾತುಗಳನ್ನು ಎಲ್ಲರೂ ಕೇಳಿರುವರು: ‘ವೇನಿ, ವೀದಿ, ವೀಕಿ.’ ಇಂಗ್ಲಿಷಿನಲ್ಲಿ ಇದಕ್ಕೆ ಆರು ಮಾತು ಬೇಕು. ‘ನಾನು’ ಎಂಬುದನ್ನು ಮೂರು ಸಲ ಹೇಳದೆ ಗತಿಯಿಲ್ಲ. ಕನ್ನಡದಲ್ಲಿ ‘ಬಂದೆ, ಕಂಡೆ, ಗೆದ್ದೆ’ ಎಂದರೆ ಮುಗಿಯಿತು. ಮಾತಿನ ಎಣಿಕೆಯೂ ಅದೇ, ಪ್ರಾಸದ ಗತ್ತೂ ಹೆಚ್ಚುಕಡಮೆ ಅದೇ. ಮಾತಾಡುವವನು ಕ್ರಿಯೆಯ ಕೊನೆಯ ಅಕ್ಷರದಲ್ಲಿ ಅಡಗಿ ಕುಳಿತಿರುವುದೂ ಅದೇ ರೀತಿ. ‘ವೀಟೋ’ ಎಂಬ ರಾಜಕೀಯದ ಮಾತೂ ಇಂತಹುದೇ. ಅದು ನಾಮಪದವಲ್ಲ, ‘ತಡೆಯುತ್ತೇನೆ’ ಎಂಬ ಒಂದು ಕ್ರಿಯಾಪದ.

ದಿನಬಳಕೆಯ ಚಿಕ್ಕ ನುಡಿಗಳಲ್ಲಿಯೂ ಈ ಹೊಂದಿಕೆಯನ್ನು ಕಾಣಬಹುದು. ಎ.ಎಂ. ಎಂಬುದು ‘ಆಂಟೆ ಮೆರಿದಿಯೆಂ’, ಮಧ್ಯಾಹ್ನಕ್ಕೆ ಮುನ್ನ. ‘ಮೆರಿದಿಯೆಸ್’ ಎಂಬುದರ ಮೂಲದಲ್ಲಿ ‘ಮೆದಿಯುಸ್’ ಎಂದರೆ ಮಧ್ಯ, ‘ದಿಯೆಸ್’ ಎಂದರೆ ದಿನ. ‘ಮಧ್ಯ’ಕ್ಕೆ ‘ಅಹ್ನ’ವನ್ನು ಸೇರಿಸಿದ ನಮ್ಮ ಮಾತಿನ ರಚನೆಯೂ ಅದೇ. ಇಂಗ್ಲಿಷಿನವರು ಇ.ಜಿ. ಎಂದು ಕುಗ್ಗಿಸಿ ಬರೆಯುವ ‘ಎಕ್ಸೆಂಪ್ಲಿ ಗ್ರಾತಿಯಾ’ ಎಂಬುದಕ್ಕೆ ಉದಾಹರಣೆಯ ನಿಮಿತ್ತವಾಗಿ ಎಂದರ್ಥ. ನಮ್ಮ ‘ಉದಾಹರಣೆಗೆ’ ಎಂಬುದರ ಕೊನೆಯ ‘ಗೆ’ ಎಂಬ ಒಂದೇ ಅಕ್ಷರವು ಆ ಇಡೀ ಗ್ರಾತಿಯಾವನ್ನು ನುಂಗಿಕೊಂಡಿದೆ. ‘ಎಟ್ ಸೆಟೆರಾ’ ಎಂದರೆ ಮತ್ತು ಉಳಿದುವು. ನಾವು ‘ಮೊದಲಾದುವು’ ಎನ್ನುತ್ತೇವೆ. ಅವರು ಉಳಿದುದನ್ನು ನೋಡಿ ಹೇಳಿದರು, ನಾವು ಮೊದಲನೆಯದನ್ನು ಹಿಡಿದು ಹೇಳಿದೆವು. ಎರಡರ ಪ್ರಯೋಜನವೂ ಒಂದೇ. ‘ಅಜೆಂಡಾ’ ಎಂದರೆ ಮಾಡತಕ್ಕವುಗಳು. ‘ಮೆಮೊರಾಂಡುಂ’ ಎಂದರೆ ನೆನಪಿನಲ್ಲಿಡತಕ್ಕದ್ದು. ‘ತಕ್ಕದ್ದು’ ಎಂಬ ಅರ್ಥವನ್ನು ಒಂದೇ ಪದದೊಳಗೆ ಅಡಗಿಸುವ ಶಕ್ತಿಯು ಲ್ಯಾಟಿನ್ನಿಗುಂಟು; ಕರ್ತವ್ಯ, ಸ್ಮರಣೀಯ ಎನ್ನುವ ಸಂಸ್ಕೃತಕ್ಕೂ ಉಂಟು; ‘ಮಾಡತಕ್ಕದ್ದು’ ಎನ್ನುವ ಕನ್ನಡಕ್ಕೂ ಉಂಟು.

ಇಲ್ಲೊಂದು ಎಚ್ಚರಿಕೆಯನ್ನು ಹೇಳಬೇಕು. ಲ್ಯಾಟಿನ್ನಿನ ‘ಡೋನುಂ’, ಸಂಸ್ಕೃತದ ‘ದಾನಂ’. ಅಲ್ಲಿಯ ‘ಡೇಉಸ್’, ಇಲ್ಲಿಯ ‘ದೇವ’: ಇವು ನಿಜವಾದ ದಾಯಾದಿಗಳು. ಸರ್ ವಿಲಿಯಂ ಜೋನ್ಸ್ ಮಹಾಶಯರು 1786ರಲ್ಲಿ ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯಲ್ಲಿ ಈ ದಾಯಾದ್ಯವನ್ನು ಸಾರಿದರು. ಕನ್ನಡದ ಮನೆತನವು ಬೇರೆ. ಅದು ದ್ರಾವಿಡ ವಂಶದ್ದೆಂಬುದನ್ನು ಎಲ್ಲಿಸ್ ಮತ್ತು ಕಾಲ್ಡ್‌ವೆಲ್ಲರ ಕಾಲದಿಂದ ವಿದ್ವಾಂಸರು ಸ್ಥಿರಪಡಿಸಿದ್ದಾರೆ. ಆದುದರಿಂದ ಲ್ಯಾಟಿನ್ನಿನ ‘ಅರತ್’ ಎಂಬುದರಲ್ಲಿ ನಮ್ಮ ರೈತರು ಹೂಡುವ ‘ಏರು’ ಕೇಳಿಸಿತೆಂದು ಹಿಗ್ಗಬೇಕಾದುದಿಲ್ಲ. ಧ್ವನಿಯ ಹೋಲಿಕೆ ಬೇರೆ, ರಕ್ತಸಂಬಂಧ ಬೇರೆ. ನಮಗೂ ಲ್ಯಾಟಿನ್ನಿಗೂ ಇರುವುದು ಎರಡು ಬಗೆಯ ನಂಟು: ಸಂಸ್ಕೃತದ ಮೂಲಕ ಬಂದ ಸಾಲದ ನಂಟು ಒಂದು; ವಾಕ್ಯವನ್ನು ಕಟ್ಟುವ ರೀತಿಯಲ್ಲಿ ಅಕಸ್ಮಾತ್ತಾಗಿ ಕೂಡಿಬಂದ ಸ್ನೇಹ ಇನ್ನೊಂದು. ಭಾಷಾಂತರಕಾರನಿಗೆ ಈ ಎರಡನೆಯದೇ ಹೆಚ್ಚು ಉಪಯುಕ್ತ.

ಇನ್ನು ನ್ಯಾಯಸ್ಥಾನದ ಬಾಗಿಲಿಗೆ ಬರೋಣ. 1818ರಲ್ಲಿ ಪೇಶ್ವೆಯ ರಾಜ್ಯವು ಇಂಗ್ಲಿಷರ ವಶವಾದಾಗ ಬಾಗಲಕೋಟೆ, ಬಾದಾಮಿ, ಹುನಗುಂದಗಳ ಸೀಮೆಯೂ ಕೈಬದಲಾಯಿತು. ಆ ಕಾಲದಲ್ಲಿ ಇಲ್ಲಿಯ ಕಚೇರಿಗಳಲ್ಲಿಯೂ ಶಾಲೆಗಳಲ್ಲಿಯೂ ಮರಾಠಿಯ ಪ್ರಾಬಲ್ಯ. ಅದರ ಒಳಗೆ ಪಾರಸೀ ಅರಬ್ಬೀ ಮಾತುಗಳ ಗುಂಪು. ಅದರ ಮೇಲೆ ಇಂಗ್ಲಿಷ್ ಬಂತು. ಇಂಗ್ಲಿಷಿನ ಹೊಟ್ಟೆಯಲ್ಲಿ ಲ್ಯಾಟಿನ್ ಬಂತು. ಕನ್ನಡವೊಂದನ್ನೇ ಬಲ್ಲ ರೈತನು ತನ್ನ ಹೊಲದ ವ್ಯಾಜ್ಯವನ್ನು ತಿಳಿಯಬೇಕಾದರೆ ಇಷ್ಟು ಪದರಗಳನ್ನು ಸುಲಿಯಬೇಕಾಯಿತು. ‘ಎಕ್ಸ್ ಪಾರ್ಟೆ’ ಎಂದು ನ್ಯಾಯಾಧೀಶರು ಬರೆದರು. ಗುಮಾಸ್ತರು ‘ಏಕತರ್ಫೀ’ ಎಂದರು. ಸಂಸ್ಕೃತದ ಏಕ, ಅರಬ್ಬಿಯ ತರಫು. ಲ್ಯಾಟಿನ್ನಿನಲ್ಲಿ ಅದರ ಅರ್ಥವು ‘ಒಂದು ಪಕ್ಷದಿಂದ’ ಎಂದಿಷ್ಟೇ. ರೈತನಿಗೆ ತಿಳಿಯಬೇಕಾಗಿದ್ದುದು ಇದು: ‘ನೀನು ಬಾರದೆ ಇದ್ದುದರಿಂದ ನಿನ್ನ ಮಾತನ್ನು ಕೇಳದೆಯೇ ತೀರ್ಪು ಆಗಿದೆ, ಗಡುವಿನೊಳಗೆ ಬಂದು ಕಾರಣ ಹೇಳಿದರೆ ಅದನ್ನು ತೆಗೆಸಬಹುದು.’ ಈ ಮಾತು ಅವನ ಕಿವಿಗೆ ತಲಪದೆ ಗಡುವು ದಾಟಿದರೆ, ಕಳೆದುಹೋಗುವುದು ಒಂದು ಪದದ ಅರ್ಥವಲ್ಲ, ತಲೆತಲಾಂತರದಿಂದ ಬಂದ ನೆಲ.

ಇಂಗ್ಲೆಂಡಿನ ಜನರೇ ಈ ಕಷ್ಟವನ್ನು ಅನುಭವಿಸಿದ್ದರು. ಅಲ್ಲಿಯ ನ್ಯಾಯಸ್ಥಾನಗಳ ದಾಖಲೆಗಳು ಬಹುಕಾಲ ಲ್ಯಾಟಿನ್ನಿನಲ್ಲಿಯೇ ಇರುತ್ತಿದ್ದುವು. ತಮ್ಮ ಮೇಲೆ ಹೊರಿಸಿದ ಆರೋಪವು ತಮಗೇ ತಿಳಿಯುವುದಿಲ್ಲವೆಂಬ ಕೂಗೆದ್ದು, 1730ರಲ್ಲಿ ಪಾರ್ಲಿಮೆಂಟು ಒಂದು ಶಾಸನವನ್ನು ಮಾಡಿತು. 1733ರಿಂದ ದಾಖಲೆಗಳೆಲ್ಲ ಇಂಗ್ಲಿಷಿನಲ್ಲಿರತಕ್ಕದ್ದೆಂದು ವಿಧಿಸಿತು. ಆದರೂ ಲ್ಯಾಟಿನ್ ನುಡಿಗಟ್ಟುಗಳು ವಕೀಲರ ಬಾಯಲ್ಲಿ ಉಳಿದುಕೊಂಡುವು. ಕೊನೆಗೆ 1999ರಲ್ಲಿ ಇಂಗ್ಲೆಂಡಿನ ಸಿವಿಲ್ ವ್ಯವಹಾರದ ನಿಯಮಗಳನ್ನು ಹೊಸದಾಗಿ ಬರೆದಾಗ ‘ಎಕ್ಸ್ ಪಾರ್ಟೆ’ಯನ್ನೂ ಬಿಟ್ಟು, ‘ನೋಟೀಸು ಕೊಡದೆ’ ಎಂಬರ್ಥದ ಸುಲಭವಾದ ಮಾತನ್ನು ಬಳಸತೊಡಗಿದರು. ‘ಇನ್ ಕ್ಯಾಮೆರಾ’ ಎಂಬುದರ ಬದಲು ‘ಖಾಸಗಿಯಾಗಿ’ ಎಂದರು. ತವರಿನಲ್ಲಿ ಬಿಟ್ಟುಕೊಟ್ಟ ಮಾತುಗಳನ್ನು ನಾವು ಇಲ್ಲಿ ಜೋಪಾನವಾಗಿ ಕಾಪಾಡಿಕೊಂಡು ಬಂದಿರುವೆವು.

ಇವುಗಳಲ್ಲಿ ಕೆಲವು ಬಹು ಸುಲಭವಾದುವು. ‘ಅಲಿಬೈ’ ಎಂಬ ಗಂಭೀರವಾದ ಮಾತಿಗೆ ಲ್ಯಾಟಿನ್ನಿನಲ್ಲಿ ‘ಬೇರೆಡೆಯಲ್ಲಿ’ ಎಂದು ಮಾತ್ರ ಅರ್ಥ. ‘ಆ ಹೊತ್ತಿಗೆ ನಾನು ಬೇರೆಡೆ ಇದ್ದೆ’ ಎಂದರೆ ಕುರಿ ಕಾಯುವ ಹುಡುಗನಿಗೂ ತಿಳಿಯುವುದು. ‘ಅಫಿಡವಿಟ್’ ಎಂದರೆ ‘ಆಣೆಯಿಟ್ಟು ಹೇಳಿದನು’ ಎಂಬ ಭೂತಕಾಲದ ಕ್ರಿಯಾಪದ. ‘ಹೇಬಿಯಸ್ ಕಾರ್ಪಸ್’ ಎಂಬುದು ‘ದೇಹವನ್ನು ತಂದಿರಬೇಕು’ ಎಂದು ಸೆರೆಯ ಅಧಿಕಾರಿಗೆ ಕೊಡುವ ಅಪ್ಪಣೆ. ಸೆರೆಯಲ್ಲಿಟ್ಟ ಆಳನ್ನು ಕಣ್ಣೆದುರಿಗೆ ತಂದು ನಿಲ್ಲಿಸು ಎಂದು ತಾತ್ಪರ್ಯ. ಈ ನುಡಿಗಳನ್ನು ಮೊದಲು ಆಡಿದವರು ಅವುಗಳಲ್ಲಿ ಯಾವ ರಹಸ್ಯವನ್ನೂ ಇಟ್ಟಿರಲಿಲ್ಲ. ರಹಸ್ಯವು ಹುಟ್ಟಿದುದು ಭಾಷೆಯನ್ನು ಅರಿಯದವರ ನಡುವೆ ಅವು ಉಳಿದುಕೊಂಡುದರಿಂದ.

ಇನ್ನು ಕೆಲವೆಡೆ ನಾವು ಹುಡುಕುವ ಮಾತು ನಮ್ಮ ಮಣ್ಣಿನಲ್ಲಿಯೇ ಹೂತುಕೊಂಡಿರುವುದು. ಒಮ್ಮೆ ತೀರ್ಮಾನವಾದ ವ್ಯಾಜ್ಯವನ್ನು ಅದೇ ಪಕ್ಷಗಳು ಮತ್ತೆ ಎತ್ತಕೂಡದೆಂಬ ನಿಯಮಕ್ಕೆ ‘ರೆಸ್ ಜ್ಯೂಡಿಕೇಟಾ’ ಎಂದು ಹೆಸರು. ‘ತೀರ್ಪಾದ ಸಂಗತಿ’ ಎಂದು ಅರ್ಥ. 1908ರ ಸಿವಿಲ್ ಪ್ರೊಸೀಜರ್ ಕೋಡಿನ 11ನೆಯ ಕಲಮು ಇದನ್ನು ಹೇಳುವುದು. ಇದು ರೋಮಿನಿಂದಲೇ ಬರಬೇಕಾದ ಜ್ಞಾನವೇ? ಬಾದಾಮಿಯ ಚಾಲುಕ್ಯರ ವಂಶದವರೆಂದು ಹೇಳಿಕೊಂಡ ಕಲ್ಯಾಣದ ಚಾಲುಕ್ಯರಲ್ಲಿ ಆರನೆಯ ವಿಕ್ರಮಾದಿತ್ಯನು 1076ರಿಂದ 1126ರವರೆಗೆ ಆಳಿದನು. ಇಂದಿನ ಬಸವಕಲ್ಯಾಣವಾದ ಅವನ ರಾಜಧಾನಿಯಲ್ಲಿ ವಿಜ್ಞಾನೇಶ್ವರನು ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದನು. ಪ್ರತಿವಾದಿಯು ಕೊಡಬಹುದಾದ ಉತ್ತರಗಳನ್ನು ನಮ್ಮ ಧರ್ಮಶಾಸ್ತ್ರವು ನಾಲ್ಕಾಗಿ ವಿಂಗಡಿಸಿದೆ: ಒಪ್ಪಿಕೊಳ್ಳುವುದು, ಅಲ್ಲವೆನ್ನುವುದು, ಬೇರೆ ಕಾರಣವನ್ನು ಒಡ್ಡುವುದು, ಮತ್ತು ‘ಪ್ರಾಙ್ನ್ಯಾಯ’. ಈ ಕೊನೆಯದರ ಅರ್ಥವೇ ‘ಇದು ಹಿಂದೆಯೇ ತೀರ್ಪಾಗಿದೆ, ನೀನು ಆಗಲೇ ಸೋತಿರುವೆ’ ಎಂಬುದು.

1916ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲಿನ ಮುಂದೆ ಹಿಂದೂಸ್ಥಾನದಿಂದ ಹೋದ ಒಂದು ವ್ಯಾಜ್ಯದಲ್ಲಿ ಸರ್ ಲಾರೆನ್ಸ್ ಜೆಂಕಿನ್ಸ್ ಅವರು ತೀರ್ಪು ಕೊಟ್ಟರು. ಅವರು ಹಿಂದೆ ಮುಂಬಯಿಯ ಹೈಕೋರ್ಟಿನ ಮುಖ್ಯ ನ್ಯಾಯಾಧೀಶರಾಗಿದ್ದವರು. ರೆಸ್ ಜ್ಯೂಡಿಕೇಟಾ ನಿಯಮವು ಇಂಗ್ಲಿಷಿನವರ ಸ್ವತ್ತು ಮಾತ್ರವಲ್ಲ, ಹಿಂದೂ ವ್ಯವಹಾರಶಾಸ್ತ್ರದಲ್ಲಿಯೂ ಪ್ರಾಚೀನವಾದುದು ಎಂದು ಹೇಳಿ, ವಿಜ್ಞಾನೇಶ್ವರನೂ ನೀಲಕಂಠನೂ ಎತ್ತಿಕೊಂಡಿರುವ ಕಾತ್ಯಾಯನನ ವಚನವನ್ನು ಅವರು ಆಧಾರವಾಗಿ ತೋರಿಸಿದರು. ಟೈಬರ್ ನದಿಯ ದಡದಲ್ಲಿಯೂ ಕಲ್ಯಾಣದಲ್ಲಿಯೂ ಒಂದೇ ಅನುಭವದಿಂದ ಒಂದೇ ನಿಯಮವು ಹುಟ್ಟಿತ್ತು. ಸೋತವನು ಮತ್ತೆ ಮತ್ತೆ ಬಾಗಿಲು ಬಡಿದರೆ ಗೆದ್ದವನಿಗೆ ನೆಮ್ಮದಿಯೆಲ್ಲಿ? ಹೀಗೆ ಲ್ಯಾಟಿನ್ನಿನ ನುಡಿಗೆ ನಮ್ಮವರದೇ ಆದ ಜೊತೆಗಾರನು ಸಿಕ್ಕಿದನು.

ಆದರೆ ಅಲ್ಲಿಗೆ ನಮ್ಮ ಕೆಲಸವು ಮುಗಿಯಿತೆಂದು ತೃಪ್ತರಾಗಬಾರದು. ‘ಪ್ರಾಙ್ನ್ಯಾಯ’ವೆಂಬ ಮಾತು ವಿದ್ವಾಂಸರಿಗೆ ಅಭಿಮಾನವನ್ನುಂಟುಮಾಡುವುದು ನಿಜ, ಹುನಗುಂದದ ಕಕ್ಷಿಗಾರನಿಗೆ ಮಾತ್ರ ಅದು ಲ್ಯಾಟಿನ್ನಿನಷ್ಟೇ ದೂರ. ಒಂದು ಮುಚ್ಚಿದ ಕೋಣೆಯಿಂದ ಇನ್ನೊಂದು ಮುಚ್ಚಿದ ಕೋಣೆಗೆ ಸಾಮಾನನ್ನು ಸಾಗಿಸಿದರೆ ಅಂಗಳದಲ್ಲಿರುವವನಿಗೆ ಏನು ಬಂತು? ಶಾಸ್ತ್ರದಲ್ಲಿ ಪ್ರಾಙ್ನ್ಯಾಯವಿರಲಿ; ಅವನಿಗೆ ಕೊಡುವ ಕಾಗದದಲ್ಲಿ ‘ಹಿಂದೆಯೇ ತೀರ್ಪಾದ ವ್ಯಾಜ್ಯ’ ಎಂದಿರಲಿ. ಬಾದಾಮಿಯ ಗುಹೆಯಲ್ಲಿ ‘ಮಹಾವಿಷ್ಣುಗೃಹ’ಕ್ಕೂ ‘ಕಲ್ಮನೆ’ಗೂ ಸ್ಥಳವಿದ್ದಂತೆ ಇಲ್ಲಿಯೂ ಎರಡಕ್ಕೂ ಸ್ಥಳವುಂಟು.

ಬಾಗಲಕೋಟೆಯವರಿಗೆ ಇನ್ನೊಂದು ಲ್ಯಾಟಿನ್ ಮಾತು ಬೇಡದೆಯೇ ಪರಿಚಯವಾಯಿತು. ಕೃಷ್ಣೆಗೆ ಆಲಮಟ್ಟಿಯಲ್ಲಿ ಕಟ್ಟಿದ ಅಣೆಕಟ್ಟಿನ ಹಿನ್ನೀರು ಘಟಪ್ರಭೆಯ ದಡದ ಈ ಹಳೆಯ ಊರಿನ ಭಾಗಗಳನ್ನೂ ಸುತ್ತಲಿನ ಹೊಲಗಳನ್ನೂ ಮುಳುಗಿಸಿತು. ನವನಗರವೆಂಬ ಹೊಸ ಊರು ಎದ್ದಿತು. ನೆಲ ಕಳೆದುಕೊಂಡವರ ಲೆಕ್ಕದಲ್ಲಿ ನೆಲದ ಬೆಲೆಯ ಕೆಳಗೆ ‘ಸೊಲೇಷಿಯಂ’ ಎಂಬ ಒಂದು ಬಾಬು ಬರುವುದು. 1894ರ ಭೂಸ್ವಾಧೀನ ಶಾಸನದಂತೆ ಇದು ಬೆಲೆಯ ಮೇಲೆ ನೂರಕ್ಕೆ 15 ಇದ್ದುದು 1984ರ ತಿದ್ದುಪಡಿಯಿಂದ 30 ಆಯಿತು. 2013ರ ಹೊಸ ಶಾಸನದಲ್ಲಿ ನೂರಕ್ಕೆ 100 ಆಗಿದೆ. ಲ್ಯಾಟಿನ್ನಿನಲ್ಲಿ ‘ಸೊಲಾತಿಯುಂ’ ಎಂದರೆ ದುಃಖಿಗೆ ಹೇಳುವ ಸಮಾಧಾನ, ಸಾಂತ್ವನ. ಮಾರಲು ಮನಸ್ಸಿಲ್ಲದವನಿಂದ ನೆಲವನ್ನು ತೆಗೆದುಕೊಂಡೆವಲ್ಲಾ ಎಂಬ ಒಪ್ಪಿಗೆಯು ಆ ಮಾತಿನಲ್ಲಿಯೇ ಅಡಗಿದೆ. ಅದನ್ನು ‘ಸಾಂತ್ವನದ ಹಣ’ ಎಂದು ಕನ್ನಡದಲ್ಲಿ ಬರೆದರೆ ಕೊಡುವವರಿಗೂ ಪಡೆಯುವವರಿಗೂ ಅದು ಯಾವುದರ ಹಣವೆಂಬುದು ತಿಳಿಯುವುದು. ಇಲ್ಲವಾದರೆ ಅದು ಲೆಕ್ಕದ ಒಂದು ಸಾಲು ಮಾತ್ರ. ಹಾಗೆಂದು ‘ಕಣ್ಣೊರೆಸುವ ಹಣ’ ಎನ್ನುವಂತಿಲ್ಲ. ಕನ್ನಡದಲ್ಲಿ ಕಣ್ಣೊರೆಸುವುದೆಂದರೆ ಬರಿಯ ತೋರಿಕೆಗೆ ಮಾಡುವ ಉಪಚಾರವೆಂಬ ಕುಹಕವೂ ಸೇರಿಕೊಂಡಿರುವುದು.

ಇದಕ್ಕೆ ಹೊಂದಿದ ಇನ್ನೊಂದು ಮಾತು ‘ಪರಿಹಾರ’. ಇಂಗ್ಲಿಷಿನ ‘ಕಾಂಪೆನ್‌ಸೇಷನ್’ ಲ್ಯಾಟಿನ್ನಿನ ‘ಕೊಂಪೆನ್ಸಾರೆ’ಯಿಂದ ಬಂದುದು; ಎರಡು ವಸ್ತುಗಳನ್ನು ತಕ್ಕಡಿಯಲ್ಲಿ ಜೊತೆಗಿಟ್ಟು ತೂಗುವುದು ಎಂದರ್ಥ. ನಮ್ಮ ‘ಪರಿಹಾರ’ವಾದರೋ ಶಾಸನಗಳ ಮಾತು. ‘ಸರ್ವಬಾಧಾಪರಿಹಾರ’ವಾಗಿ ಭೂಮಿಯನ್ನು ಬಿಟ್ಟರೆಂದರೆ ತೆರಿಗೆ ಮೊದಲಾದ ಎಲ್ಲ ಬಾಧೆಗಳನ್ನೂ ತೆಗೆದುಹಾಕಿ ಕೊಟ್ಟರೆಂದು ಅರ್ಥ. ಒಂದರಲ್ಲಿ ತೂಕ, ಇನ್ನೊಂದರಲ್ಲಿ ಬಿಡುಗಡೆ. ಇಂದು ನಾವು ಎರಡನ್ನೂ ಸಮಾನಾರ್ಥಕಗಳೆಂದು ಬಳಸುತ್ತಿರುವೆವು. ಕಾನೂನು ತಕ್ಕಡಿಯನ್ನು ಹಿಡಿದು ‘ಸರಿತೂಗಿತು’ ಎನ್ನುವುದು. ನೆಲ ಕಳೆದುಕೊಂಡವನು ‘ಬಾಧೆ ಹೋಗಲಿಲ್ಲವಲ್ಲ’ ಎನ್ನುವನು. ಇಬ್ಬರೂ ಸುಳ್ಳಾಡುತ್ತಿಲ್ಲ. ಅವರವರ ಮಾತಿನ ಮೂಲವು ಬೇರೆಯಾಗಿರುವುದರಿಂದ ಅವರ ನಿರೀಕ್ಷೆಯೂ ಬೇರೆಯಾಗಿದೆ. ಭಾಷಾಂತರದ ಒಂದು ಸಡಿಲಿನಲ್ಲಿ ಎಷ್ಟು ಅಸಮಾಧಾನವು ಅಡಗಿರಬಹುದೆಂಬುದಕ್ಕೆ ಇದು ಸಾಕಾದ ನಿದರ್ಶನ.

ಎಲ್ಲ ಲ್ಯಾಟಿನ್ ಮಾತುಗಳನ್ನೂ ಹೊರಗಟ್ಟಬೇಕೆಂದು ಇದರಿಂದ ತಿಳಿಯಬಾರದು. ‘ಕೋರಂ’ ಎಂಬುದಕ್ಕೆ ಮೂಲದಲ್ಲಿ ‘ಯಾರ ಪೈಕಿ’ ಎಂದು ಮಾತ್ರ ಅರ್ಥ. ಅದನ್ನು ಪದಶಃ ಅನುವಾದಿಸಿದರೆ ನಗೆಪಾಟಲಾಗುವುದು. ಇಳಕಲ್ಲಿನ ಸಭೆಗೆ ಕೋರಂ ಎಂದೇ ತಿಳಿಯುವುದಾದರೆ ಹಾಗೆಯೇ ಇರಲಿ. ‘ರೇಡಿಯೋ’ ಎಂಬುದರ ಮೂಲವು ಲ್ಯಾಟಿನ್ನಿನ ‘ರಾದಿಯುಸ್’, ಎಂದರೆ ಚಕ್ರದ ಅರ, ಕಿರಣ. ಮೈಸೂರಿನಲ್ಲಿ 1935ರಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ಸ್ಥಾಪಿಸಿದ ಪ್ರಸಾರ ಕೇಂದ್ರಕ್ಕೆ ಅರವನ್ನೂ ಕಿರಣವನ್ನೂ ಬಿಟ್ಟು ‘ಆಕಾಶವಾಣಿ’ ಎಂಬ ಹೆಸರು ಬಂತು. ಅದು ಭಾಷಾಂತರವೇ ಅಲ್ಲ. ಕೇಳುವವನಿಗೆ ಆಗುವ ಅನುಭವಕ್ಕೆ ಇಟ್ಟ ಹೆಸರು. ಅದು ನಿಂತಿತು, ದೇಶವೆಲ್ಲ ಹರಡಿತು. ಉಳಿಸಿಕೊಳ್ಳುವುದು, ಬದಲಾಯಿಸುವುದು, ಹೊಸದಾಗಿ ಹೆಸರಿಡುವುದು, ಈ ಮೂರರಲ್ಲಿ ಯಾವುದು ತಕ್ಕದ್ದೆಂಬುದನ್ನು ಕೋಶವು ಹೇಳಲಾರದು, ಕೇಳುವವನು ಹೇಳಬೇಕು.

ಇಳಕಲ್ಲಿನ ನೇಕಾರರ ಕೆಲಸದಿಂದ ಒಂದು ಪಾಠವನ್ನು ಕಲಿಯಬಹುದು. ಲ್ಯಾಟಿನ್ನಿನಲ್ಲಿ ನೆಯ್ದುದಕ್ಕೆ ‘ತೆಕ್ಸ್ತುಸ್’ ಎನ್ನುವರು. ಇಂಗ್ಲಿಷಿನಲ್ಲಿ ಗ್ರಂಥಪಾಠಕ್ಕೆ ಹೇಳುವ ‘ಟೆಕ್ಸ್ಟ್’ ಎಂಬುದು ಇದರಿಂದ ಬಂದುದು. ನಮ್ಮ ‘ಸೂತ್ರ’ವು ನೂಲು, ‘ತಂತ್ರ’ವು ಮಗ್ಗದ ಹಾಸು, ‘ಗ್ರಂಥ’ವು ಗಂಟು ಕಟ್ಟಿದ್ದು. ಮಾತನ್ನು ನೆಯ್ಗೆಯೆಂದು ಎರಡು ಜನಾಂಗಗಳೂ ಕಂಡಿವೆ. ಇಳಕಲ್ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಂದರ ಎಳೆಯನ್ನು ಇನ್ನೊಂದರ ಎಳೆಗೆ ಕೊಂಡಿ ಹಾಕಿ, ಒಂದೊಂದಾಗಿ ಜೋಡಿಸಿ, ಆಮೇಲೆ ಮುಂದಕ್ಕೆ ನೆಯ್ಯುವರು. ಅಂಟು ಹಚ್ಚಿ ಕೂಡಿಸುವುದಿಲ್ಲ, ಹೊಲಿಯುವುದೂ ಇಲ್ಲ. ಎರಡು ಹಾಸುಗಳ ಎಳೆಗಳೂ ತಮ್ಮ ತಮ್ಮ ಬಣ್ಣವನ್ನು ಉಳಿಸಿಕೊಂಡೇ ಕೂಡಿಕೊಳ್ಳುವುವು. ಕೊಂಡಿ ತಪ್ಪಿದ ಕಡೆ ಮಾತ್ರ ಬಟ್ಟೆಯು ಬಿಚ್ಚುವುದು. ಲ್ಯಾಟಿನ್ನನ್ನು ಇಂಗ್ಲಿಷಿಗೂ ಇಂಗ್ಲಿಷನ್ನು ಕನ್ನಡಕ್ಕೂ ಕೂಡಿಸುವವರು ಇಂತಹ ತಾಳ್ಮೆಯನ್ನು ಕಲಿಯಬೇಕಾಗಿದೆ.

ನಮ್ಮ ಸಂವಿಧಾನದ 348ನೆಯ ವಿಧಿಯು ಉಚ್ಚ ನ್ಯಾಯಾಲಯಗಳ ವ್ಯವಹಾರವನ್ನು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿಯೇ ಇರಿಸಿದೆ. ಕೆಳಗಿನ ನ್ಯಾಯಸ್ಥಾನಗಳಲ್ಲಿ ಕನ್ನಡಕ್ಕೆ ಎಡೆಯುಂಟು. ಆದುದರಿಂದ ಲ್ಯಾಟಿನ್ ನುಡಿಗಳು ಮೇಲಿನಿಂದ ಕೆಳಕ್ಕೆ ಇನ್ನೂ ಬಹುಕಾಲ ಇಳಿದು ಬರುವುವು. ಅವು ಇಳಿಯುವ ಮೆಟ್ಟಿಲಿನಲ್ಲಿ ನಿಂತಿರುವ ವಕೀಲರೂ ಗುಮಾಸ್ತರೂ ಉಪಾಧ್ಯಾಯರೂ ಪತ್ರಿಕಾಕರ್ತರೂ ಪ್ರತಿಯೊಂದು ಮಾತನ್ನೂ ಎರಡು ಸಲ ಪರೀಕ್ಷಿಸಬೇಕು: ಇದರ ಅರ್ಥವೇನು, ಇದು ಯಾರಿಗೆ ತಿಳಿಯಬೇಕು? ಮೊದಲನೆಯ ಪ್ರಶ್ನೆಗೆ ನಿಘಂಟು ಸಹಾಯಮಾಡುವುದು. ಎರಡನೆಯದಕ್ಕೆ ಉತ್ತರವನ್ನು ಮಂಗಲೇಶನ ಲಿಪಿಕಾರನು ಬಾದಾಮಿಯ ಬಂಡೆಯಲ್ಲಿ, ಹೂಮಾಲೆ ಕಟ್ಟುವವರ ಸಲುವಾಗಿ, ಕೆಲವೇ ಪಂಕ್ತಿಗಳ ಕನ್ನಡದಲ್ಲಿ ಕಡೆದಿಟ್ಟು ಹೋಗಿದ್ದಾನೆ. ಅಲ್ಲಿಗೆ ಹೋದವರು ಶಿಲ್ಪಗಳನ್ನು ನೋಡಿದ ಬಳಿಕ ಆ ಪಂಕ್ತಿಗಳ ಮುಂದೆಯೂ ಒಂದು ನಿಮಿಷ ನಿಲ್ಲಬೇಕೆಂದು ಶ್ರೋತೃಗಳಲ್ಲಿ ವಿಜ್ಞಾಪಿಸುತ್ತೇನೆ.